ಹಸಿರು ಬಳಿದ ನಾಲ್ಕು ಡ್ರಮ್ಮು

ಸ್ಟೋರಿನ ಬೀಗ ತೆಗೆದ ಕೂಡಲೇ ಒಂದು ವಾಸನೆ ಮೂಗಿಗೆ ಬಡಿಯುತ್ತಿತ್ತು. ಸೀಮೆಎಣ್ಣೆಯೊಳಗೆ ಹಣ್ಣು ಕೊಳೆಹಾಕಿದರೆ ಹೇಗಿರಬಹುದೋ ಹಾಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೆರಗನ್ನು ಮೂಗಿಗೆ ಒತ್ತಿಕೊಂಡು, ಯಾರ್ಯಾರನ್ನೋ ಬೈದುಕೊಂಡು ಒಳಗೆ ಹೋಗುತ್ತಿದ್ದೆ. ಆರು ತಿಂಗಳಾಗುವಷ್ಟರಲ್ಲಿ ಆ ವಾಸನೆ ನನಗೆ ಗೊತ್ತಾಗುವುದೇ ನಿಂತುಹೋಯಿತು. ಮನೆಗೆ ಬಂದರೆ ಅಮ್ಮಿ ಮಾತ್ರ ಬಾಗಿಲಲ್ಲೇ ತಡೆದು, "ಮೊದಲು ಹಿತ್ತಲಿಗೆ ಹೋಗಿ ಸೀರೆ ಬದಲಾಯಿಸು" ಅನ್ನುತ್ತಿದ್ದಳು. ಇವಳದೊಂದು ಮಡಿ ಅಂತ ನಾನು ಸಿಡುಕುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಶಿಕಾರಿಪುರದಿಂದ ಅಂಜನಾಪುರದ ಕಡೆಗೆ ಹೋಗುವಾಗ ಚಾನಲ್ ಪಕ್ಕದಲ್ಲಿ ಒಂದು ವಿಶ್ವವಿದ್ಯಾಲಯದವರು ಭತ್ತದ ಪ್ರಯೋಗಕ್ಕೆಂದು ಜಮೀನು ಹಿಡಿದಿದ್ದರು. ಒಂದು ಆಫೀಸು, ಒಂದು ಸ್ಟೋರು, ಸುತ್ತ ಗದ್ದೆ. ಸ್ಟೋರಿನ ಗುಮಾಸ್ತೆ ನಾನು. ಬೀಜ, ಗೊಬ್ಬರ, ಔಷಧಿ, ಹಗ್ಗ, ಗುದ್ದಲಿ, ಏನು ಬೇಕಾದರೂ ನಾನೇ ಕೊಳ್ಳಬೇಕು, ನನ್ನ ಕೈಯಿಂದಲೇ ಹೊರಗೆ ಹೋಗಬೇಕು. ನಮ್ಮ ಅಬ್ಬಾ ಪೇಟೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು, ಲಾಳಿಕೆ, ಚಿಮಣಿ, ಡಬ್ಬಿ. ನಮ್ಮ ಓಣಿಯಲ್ಲಿ ಸಂಬಳ ತಂದ ಮೊದಲ ಹೆಣ್ಣು ನಾನೇ. ಜಂಬ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಕೆಲಸ ತಾತ್ಕಾಲಿಕ. ಖಾಯಂ ಆಗುವವರೆಗೆ ಯಾರಾದರೂ ಗಟ್ಟಿಯಾಗಿ ಕೆಮ್ಮಿದರೂ ನನ್ನ ಎದೆ ಧಸಕ್ ಅನ್ನುತ್ತಿತ್ತು.

ಆ ವರ್ಷ ಗದ್ದೆಯಲ್ಲಿ ಏಡಿ ಕಾಣಲಿಲ್ಲ. ಮೊದಲು ಗಮನಿಸಿದವರು ಆಳುಗಳು. ಅವರಿಗೆ ಏಡಿ ಅಂದರೆ ಸಾರು. "ಬದುವಿನಲ್ಲಿ ತೂತು ಅದಾವೆ, ಒಳಗೆ ಯಾರೂ ಇಲ್ಲ" ಅಂತ ಒಬ್ಬ ಹೇಳಿದ್ದು ನೆನಪಿದೆ. ಮಳೆ ಬಿದ್ದಾಗ ಕಪ್ಪೆಗಳ ಗಲಾಟೆಯೂ ಇರಲಿಲ್ಲ. ಬೆಳ್ಳಕ್ಕಿಗಳು ಬಂದು ಗದ್ದೆಯ ಮಡಿಗಳ ಮೇಲೆ ಒಂದು ಸುತ್ತು ಹಾರಿ, ಇಳಿಯದೆ ಹಾಗೇ ಹೋಗುತ್ತಿದ್ದವು. ನೋಡಿದವರಿಗೆಲ್ಲ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು, ಏನು ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೇಳಿದವರು ನಮ್ಮ ಸಾಹೇಬರು. ಕೇಂದ್ರದ ಮುಖ್ಯಸ್ಥರು, ಇನ್ನೂ ನಲವತ್ತು ತುಂಬಿರದ ಮನುಷ್ಯ, ಸದಾ ಮೊಣಕಾಲವರೆಗೆ ಕೆಸರು. ಒಂದು ಬೆಳಿಗ್ಗೆ ಸ್ಟೋರಿಗೆ ಬಂದು ಎಂಡ್ರಿನ್ ಡ್ರಮ್ಮುಗಳ ಸಾಲನ್ನು ನೋಡುತ್ತಾ ನಿಂತರು. ಹುಳ ಸಾಯಿಸುವ ಔಷಧಿ ಅದು. ಮೊಣಕಾಲಿಗಿಂತ ತುಸು ಎತ್ತರದ ಡ್ರಮ್ಮು, ಹೊಟ್ಟೆಯ ಮೇಲೆ ತಲೆಬುರುಡೆ, ಅದರ ಕೆಳಗೆ ಎರಡು ಮೂಳೆ.

"ನಾವು ಏನು ಕೊಳ್ತೀವೋ ಅದೇ ಮಣ್ಣಿಗೆ ಹೋಗುತ್ತೆ ಕಣಮ್ಮ" ಅಂದರು. "ಕಡಿಮೆ ದರ ಯಾವುದು ಅಂತ ಮಾತ್ರ ನೋಡ್ತೀವಿ. ಕೊಂಡಿದ್ದು ಮುಂದೆ ಏನು ಮಾಡುತ್ತೆ ಅಂತ ನೋಡೋದೇ ಇಲ್ಲ. ಈ ಸಲ ಚಾನಲ್ ಪಕ್ಕದ ಮಡಿಗೆ ಮೂಟೆ ಗೊಬ್ಬರ ಬೇಡ, ಈ ದರಿದ್ರ ಎಣ್ಣೆಯೂ ಬೇಡ. ಕುರಿ ಮಂದೆ ನಿಲ್ಲಿಸೋಣ. ಖರೀದಿಗೆ ಹಾಕಿ."

ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ. ಕೊಯ್ಲಾದ ಮೇಲೆ ಕುರಿಗಾರರನ್ನು ಕರೆದು ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ. ಹಿಕ್ಕೆ, ಉಚ್ಚೆ ಎಲ್ಲಾ ಮಣ್ಣಿಗೆ. ಕುರಿಗಾರನಿಗೆ ಇಷ್ಟು ದಿನಕ್ಕೆ ಇಷ್ಟು ಕಾಳು, ಸಂಜೆ ಊಟ. ಮಾತಲ್ಲೇ ಮುಗಿಯುವ ವ್ಯವಹಾರ. ಆದರೆ ವಿಶ್ವವಿದ್ಯಾಲಯ ಮಾತಲ್ಲಿ ಕೊಳ್ಳುವುದಿಲ್ಲವಲ್ಲ! ಮೂರು ಮೊಹರಾದ ಕೊಟೇಷನ್ ಬೇಕು, ಅದರಲ್ಲಿ ಕಡಿಮೆಯದನ್ನು ಆರಿಸಬೇಕು. ಕುರಿ ಹಿಕ್ಕೆಗೆ ಕೊಟೇಷನ್! ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ತೊಗರ್ಸಿ ಕಡೆಯ ಮೂವರು ಕುರಿಗಾರರನ್ನು ಹೇಳಿಕಳಿಸಿ ಕರೆಸಿದೆ. ಮೂವರೂ ಆಫೀಸಿನ ಮೆಟ್ಟಿಲ ಕೆಳಗೆ ಕಂಬಳಿ ಹಾಸಿಕೊಂಡು ಕೂತರು. ನಾನು ಒಬ್ಬೊಬ್ಬರಿಗೆ ಒಂದೊಂದು ಹಾಳೆ ಕೊಟ್ಟು, ನಿಮ್ಮ ನಿಮ್ಮ ದರ ಗುಟ್ಟಾಗಿ ಹೇಳಿ, ನಾನು ಬರೆದುಕೊಳ್ಳುತ್ತೇನೆ, ನೀವು ಹೆಬ್ಬೆಟ್ಟು ಒತ್ತಿ ಅಂದೆ. ಮೂವರೂ ಮುಖ ಮುಖ ನೋಡಿಕೊಂಡರು. ಅವರಲ್ಲಿ ಹಿರಿಯ, ಐವತ್ತರ ಆಸುಪಾಸಿನವನು, ನೆತ್ತಿ ಕೆರೆದುಕೊಂಡು ಎದ್ದು ನಿಂತ.

"ಅಕ್ಕೋರೆ, ಇವನು ನನ್ನ ಷಡ್ಡಕ. ಅವನು ನಮ್ಮೂರೋನೇ. ಗುಟ್ಟಾಗಿ ಕಡಿಮೆ ಹೇಳಿ ಅವರ ಹೊಟ್ಟೆ ಮೇಲೆ ಹೊಡೀಲಾ ನಾನು? ಮತ್ತೆ ಹೆಬ್ಬೆಟ್ಟು ಅಂತೂ ಒತ್ತಲ್ಲ ನೋಡಿ. ನಮ್ಮಪ್ಪ ಒಂದು ಸಲ ಒತ್ತಿದ್ದಕ್ಕೆ ಎರಡು ಎಕರೆ ಹೋತು."

ಹೇಳಿದ್ದೇ ತಡ, ಮೂವರೂ ಕಂಬಳಿ ಕೊಡವಿಕೊಂಡು ಹೊರಟೇಬಿಟ್ಟರು. ಸಾಹೇಬರು ಪೆಚ್ಚು ಮೋರೆ ಹಾಕಿಕೊಂಡು, "ಹಾಗಾದರೆ ಮತ್ತೆ ಎಣ್ಣೆನೇ ಗತಿ" ಅಂದರು.

ಆಗ ನನ್ನ ತಲೆ ಓಡಿತು. ಹಾಳು ತಲೆ. ಸ್ಟೋರಿನ ಹಿಂದೆ ಖಾಲಿ ಎಂಡ್ರಿನ್ ಡ್ರಮ್ಮುಗಳು ಬಿದ್ದಿದ್ದವು. 'ಉಪಯೋಗಕ್ಕೆ ಬಾರದ ಸಾಮಾನು' ಅಂತ ಪಟ್ಟಿ ಮಾಡಿದರೆ ಅವನ್ನು ಯಾರಿಗೆ ಬೇಕಾದರೂ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಹಳ್ಳಿಯವರಿಗೆ ಅಂಥ ಡ್ರಮ್ಮು ಅಂದರೆ ಜೀವ. ನೀರಿಗೆ, ಕಾಳಿಗೆ, ಹಿಟ್ಟಿಗೆ, ಎಲ್ಲಕ್ಕೂ ಆಗುತ್ತಿತ್ತು. ಹಿರಿಯ ಕುರಿಗಾರನನ್ನು ರಸ್ತೆಯಲ್ಲೇ ಹಿಡಿದು ಕೇಳಿದೆ: ಹತ್ತು ದಿನ ಮಂದೆ ನಿಲ್ಲಿಸು, ಕಾಳು ಕೊಡೋಕಾಗಲ್ಲ, ನಾಲ್ಕು ಡ್ರಮ್ಮು ಕೊಡ್ತೀನಿ. ಹೆಬ್ಬೆಟ್ಟು ಬೇಡ, ಕಾಗದ ಬೇಡ. ಅವನ ಮುಖ ಅರಳಿತು. "ನಾಲ್ಕಾ?" ಅಂತ ಎರಡು ಸಲ ಕೇಳಿದ. ಸಾಹೇಬರಿಗೂ ಖುಷಿಯೋ ಖುಷಿ. ಇಡೀ ವಿಶ್ವವಿದ್ಯಾಲಯದಲ್ಲಿ ಇಷ್ಟು ಚೊಕ್ಕ ಖರೀದಿ ಯಾರೂ ಮಾಡಿಲ್ಲ ಅಂತ ಹೊಗಳಿದರು.

ಒಂದು ನಿಯಮ ಬಾಕಿ ಇತ್ತು. ಹೊರಗೆ ಕೊಡುವ ಹಳೆ ಸಾಮಾನಿನ ಮೇಲೆ ಸಂಸ್ಥೆಯ ಹೆಸರು ಇರಬಾರದು, ಅಳಿಸಬೇಕು. ಡ್ರಮ್ಮುಗಳನ್ನು ಗಾಡಿಗೆ ಹಾಕಿಸಿ ಅಬ್ಬಾನ ಅಂಗಡಿಗೆ ಕಳಿಸಿದೆ. ಮೇಲಿನ ತಗಡು ಕೊಯ್ದು, ಅಂಚು ಮಡಿಸಿ, ಹಿಡಿಕೆ ಬೆಸೆದು, ಹೆಸರು ಕೆರೆಯಿರಿ ಅಂತ ಹೇಳಿದ್ದೆ. ಸಂಜೆ ಹೋದರೆ ಅಬ್ಬಾ ಡ್ರಮ್ಮಿನೊಳಗೆ ತಲೆ ತೂರಿಸಿ ಮೂಸುತ್ತಿದ್ದರು. ನಾವು ಆಡುವುದು ನಮ್ಮ ಭಾಷೆಯಲ್ಲಿ, ಅದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಬೇಟಿ, ಸೋಡಾ ಹಾಕಿ ಮೂರು ಸಲ ತೊಳೆದೆ. ಸುಣ್ಣದ ನೀರು ಒಂದು ದಿನ ನಿಲ್ಲಿಸಿದೆ. ವಾಸನೆ ಹೋಗ್ತಾ ಇಲ್ಲ. ಇದರಲ್ಲಿ ಊಟದ ಸಾಮಾನು ಇಡೋದು ಬೇಡ ಅಂತ ಹೇಳಿ ಕೊಡು."

"ಅಯ್ಯೋ ಸುಮ್ಮನಿರಿ ಅಬ್ಬಾ, ಅರ್ಧ ತಾಲ್ಲೂಕು ಇಂಥ ಡಬ್ಬದಲ್ಲೇ ಅಕ್ಕಿ ಇಟ್ಕೊಂಡಿದೆ."

"ಹೆಸರು ಕೆರೆದಿದ್ದೀನಿ. ಈ ತಲೆಬುರುಡೆ ಬಿಟ್ಟಿದ್ದೀನಿ."

ನೋಡಿದೆ. ಕೆರೆದ ಜಾಗ ಕಜ್ಜಿ ಹಿಡಿದ ಚರ್ಮದ ಹಾಗೆ ಕಾಣುತ್ತಿತ್ತು, ಅದರ ಪಕ್ಕ ಆ ಬುರುಡೆ. ವಿಶ್ವವಿದ್ಯಾಲಯದಿಂದ ಕೊಡುವ ವಸ್ತು ಇಷ್ಟು ಅಸಹ್ಯವಾಗಿರಬಾರದು ಅನ್ನಿಸಿತು. ಅಂಗಡಿಯ ಮೂಲೆಯಲ್ಲಿ ಯಾರದೋ ಗಾಡಿಗೆ ಬಳಿದು ಉಳಿದ ಹಸಿರು ಬಣ್ಣ ಇತ್ತು. "ಪೂರ್ತಿ ಬಳಿದುಬಿಡಿ, ಲಕ್ಷಣವಾಗಿ ಕಾಣ್ತವೆ" ಅಂದೆ. ಅಬ್ಬಾ ಬುರುಡೆಯ ಮೇಲೆ ಒಂದು ಸಲ ಬೆರಳಾಡಿಸಿ ಬ್ರಷ್ ಎತ್ತಿಕೊಂಡರು. ಆಫೀಸಿನ ಮಗಳು ಹೇಳಿದ ಮೇಲೆ ಮುಗಿಯಿತು ಅಂತ ಬಳಿದರು.

ಕುರಿಗಾರ ಹತ್ತು ದಿನ ಮಂದೆ ನಿಲ್ಲಿಸಿ, ನಾಲ್ಕು ಹಸಿರು ಡ್ರಮ್ಮು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋದ. ಹೋಗುವಾಗ ಒಂದೊಂದನ್ನೂ ಬೆರಳಿನಿಂದ ಟಣ್ ಅಂತ ಬಾರಿಸಿ ನೋಡಿದ. ಒಳಗೆ ಏನಿತ್ತು ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ತಿಂಗಳು ಕಳೆದಿರಬಹುದು. ನಮ್ಮ ಫಾರ್ಮಿನ ಆಳೊಬ್ಬ ಮಾತಿನ ನಡುವೆ, "ಆ ಕುರಿಯಣ್ಣನ ಮರಿಗಳು ಹೋಗ್ತಾ ಅದಾವಂತೆ. ದೊಡ್ಡವಕ್ಕೆ ಏನೂ ಇಲ್ಲ, ಮರಿಗಳೇ. ಮಾರಮ್ಮನಿಗೆ ಹರಕೆ ಹೊತ್ತಾನಂತೆ" ಅಂದ. ಬರೆಯುತ್ತಿದ್ದ ಲೆಕ್ಕದ ಪುಸ್ತಕ ಮುಚ್ಚಿಟ್ಟೆ. ಅವತ್ತು ರಜೆ ಹಾಕಿ ಅವರ ಹಟ್ಟಿಗೆ ಹೋದೆ.

ಹಟ್ಟಿಯ ಮುಂದೆ ಒಂದು ಮರಿ ಮಲಗಿತ್ತು. ಕಾಲು ನಾಲ್ಕೂ ಸೆಟೆದು ನಡುಗುತ್ತಿದ್ದವು, ಬಾಯಲ್ಲಿ ನೊರೆ. ಅಂಥ ನಡುಕ ನಾನು ಮೊದಲೇ ನೋಡಿದ್ದೆ. ಗಾಳಿಗೆ ಎದುರು ನಿಂತು ಎಂಡ್ರಿನ್ ಹೊಡೆದಿದ್ದ ಆಳೊಬ್ಬ ಹೀಗೇ ನಡುಗಿದ್ದ, ಅವನನ್ನು ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದ್ದೆವು. ತಾಯಿಕುರಿಗಳು ಮೇಯಲು ಹೋದಾಗ ಹಟ್ಟಿಯಲ್ಲಿ ಉಳಿಯುವ ಮರಿಗಳಿಗೆ ಕುರಿಗಾರ ಒಂದು ಡ್ರಮ್ಮಿನಲ್ಲಿ ನೀರು ತುಂಬಿಟ್ಟಿದ್ದ. ಅದರಿಂದ ಬೋಗುಣಿಗೆ ಸುರಿದು ಕುಡಿಸುತ್ತಿದ್ದ. ಇನ್ನೆರಡು ಡ್ರಮ್ಮು ಜೋಳ ತುಂಬಲು ಕಾದು ಖಾಲಿ ಕೂತಿದ್ದವು.

ಹೇಳಿಬಿಟ್ಟೆ. ಒಂದೇ ಉಸಿರಿಗೆ. ಆ ನೀರು ಚೆಲ್ಲು, ಅದು ವಿಷದ ಡ್ರಮ್ಮು, ಬುರುಡೆಯ ಮೇಲೆ ನಾನೇ ಬಣ್ಣ ಬಳಿಸಿದೆ ಅಂತ. ಅವನು ಹೊಡೆದರೂ ಹೊಡೆಸಿಕೊಳ್ಳೋಣ ಅಂತ ನಿಂತಿದ್ದೆ. ಅವನು ಮರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರ ಕಿವಿ ಸವರಿದ.

"ಹೋಗ್ಲಿ ಬಿಡಿ ಅಕ್ಕೋರೆ. ಕುರಿ ಇದ್ರೆ ಮರಿ. ಬೇಕಂತ ಮಾಡಿದ್ದಲ್ಲವಲ್ಲ ನೀವು."

ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಿಜವಾಗಿಯೂ ಸಮಾಧಾನವಾಯಿತು. ಆಮೇಲೆ ಎಣಿಸಿದೆ. ಒಂದು, ಎರಡು, ಮೂರು.

"ನಾಲ್ಕನೇದೆಲ್ಲಿ?"

"ಅದಾ? ಮಗಳ ಮನೆಗೆ ಹೋತಲ್ಲ, ಸೊರಬದ ಕಡೆ. ಬಾಣಂತನ ಮುಗಿಸಿ ಕಳಿಸುವಾಗ ಏನಾದ್ರೂ ಕೊಡಬೇಕಲ್ರೀ. ನಾಲ್ಕರಲ್ಲಿ ಚೆನ್ನಾಗಿರೋದನ್ನೇ ಆರಿಸಿ ಕೊಟ್ಟೆ. ಆಫೀಸಿನ ಮಾಲು ಅಂತ ಬೀಗರು ಮೂಗಿನ ಮೇಲೆ ಬೆರಳಿಟ್ಟರು."

ಹೇಳುತ್ತಾ ಹೇಳುತ್ತಾ ಅವನ ಮುಖದಲ್ಲಿ ಬಣ್ಣ ಇಳಿಯಿತು. ಮರಿಯ ಕಿವಿ ಬಿಟ್ಟು ಎದ್ದು ನಿಂತ. ಬಸ್ಸಿನ ಹೊತ್ತು ಮೀರಿತ್ತು. ಮಾರನೆಯ ದಿನ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು.

ಶಿರಾಳಕೊಪ್ಪ ದಾಟಿ ಸೊರಬ ಮುಟ್ಟುವವರೆಗೂ ಅವನು ಒಂದೇ ಮಾತು ಆಡಿದ್ದು, "ಕೂಸಿಗೆ ಐದು ತಿಂಗಳು." ಸೊರಬದಲ್ಲಿ ಇಳಿದು ಎರಡು ಮೈಲಿ ನಡೆಯಬೇಕು. ನಾನು ಚಪ್ಪಲಿ ಕೈಲಿ ಹಿಡಿದು ಓಡೋಡುತ್ತಾ ಹೋದೆ. ದಾರಿಯಲ್ಲಿ ಎದುರಾದ ಒಬ್ಬಳು ಕುರಿಗಾರನ ಗುರುತು ಹಿಡಿದು, "ಬಂದ್ಯಾ? ಮಗಳನ್ನ ಕರ್ಕೊಂಡು ಹೋಗೋಕಾ?" ಅಂತ ಕೇಳಿದಳು. ಯಾಕೆ ಹಾಗೆ ಕೇಳಿದಳೋ ಆಗ ತಿಳಿಯಲಿಲ್ಲ.

ಅಂಗಳದಲ್ಲಿ ಅವನ ಮಗಳಿದ್ದಳು, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗಿ. ಕೂಸು ಚಾಪೆಯ ಮೇಲೆ ಬೋರಲು ಬಿದ್ದು ಆಡುತ್ತಿತ್ತು. ಹಸಿರು ಡ್ರಮ್ಮು ಅಡುಗೆಮನೆಯ ಹೊಸ್ತಿಲ ಪಕ್ಕದಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿ ಒಳಗೆಲ್ಲ ಥಳಥಳ. ಹುಡುಗಿ ಬಾವಿಯಿಂದ ಕೊಡ ತಂದು ತಂದು ಅದಕ್ಕೆ ಸುರಿಯುತ್ತಿದ್ದಳು. ಒಳಗಿನಿಂದ ಅವಳ ಅತ್ತೆ ಲೋಟ ಹಿಡಿದು ಹೊರಗೆ ಬರುತ್ತಿದ್ದಳು. ನಾನು ಯಾರು ಎತ್ತ ಅಂತ ಹೇಳದೆ ನುಗ್ಗಿ ಡ್ರಮ್ಮನ್ನು ಒದ್ದೆ. ಹೌದು, ಕಾಲಿನಿಂದಲೇ. ನೀರು ಅಂಗಳದ ತುಂಬಾ ಹರಿಯಿತು. ಹುಡುಗಿ ಕೂಸನ್ನು ಎತ್ತಿಕೊಂಡು ಗೋಡೆಗೆ ಒತ್ತಿ ನಿಂತಳು.

"ಯಾರೇ ನೀನು? ಮೈಮೇಲೆ ಏನು ಬಂದದೆ ನಿಂಗೆ?" ಅಂತ ಅತ್ತೆ ಕೂಗಿದಳು.

ಕುರಿಗಾರ ಕೈಮುಗಿದು, ಆಫೀಸಿನ ಅಕ್ಕೋರು ಅಂತ ಪರಿಚಯ ಹೇಳಿದ. ನಾನು ಏದುಸಿರಲ್ಲಿ ಕೇಳಿದೆ, ಇದರಲ್ಲಿ ಇಷ್ಟು ದಿನ ಏನು ಇಟ್ಟಿದ್ರಿ?

ದನಕ್ಕೆ ಅಕ್ಕಚ್ಚು ಇಟ್ಟಿದ್ದರಂತೆ. ಅಕ್ಕಿ ತೊಳೆದ ನೀರು, ಗಂಜಿ, ಎಲ್ಲಾ ಅದರಲ್ಲಿ ಕೂಡಿಹಾಕಿ ಹಸುವಿಗೆ ಇಡುವುದು. ಮೊದಲು ಕೋಳಿ ಹೋದವು. ಆಮೇಲೆ ಕರು. ಹೋದ ವಾರ ಹಸು, ಹಾಲು ಕೊಡುತ್ತಿದ್ದ ಹಸು. ಕೊಟ್ಟಿಗೆ ಖಾಲಿಯಾದ ಮೇಲೆ ಅಕ್ಕಚ್ಚಿಗೆ ಡ್ರಮ್ಮು ಯಾಕೆ, ತಿಕ್ಕಿ ಕುಡಿಯುವ ನೀರಿಗೆ ಇಡು ಅಂತ ಅತ್ತೆ ಅವತ್ತು ಬೆಳಿಗ್ಗೆ ಹೇಳಿದ್ದಳು. ನಾನು ಆ ಒದ್ದೆ ಅಂಗಳದಲ್ಲೇ ಕೂತುಬಿಟ್ಟೆ.

"ಇವಳು ಕೂಸು ಎತ್ಕೊಂಡು ಬಂದು ತಿಂಗಳಾಗಿಲ್ಲ, ಮನೆಯಲ್ಲಿ ಒಂದು ಜೀವ ಉಳೀಲಿಲ್ಲ" ಅಂದಳು ಅತ್ತೆ. "ಇವಳ ಕಾಲ್ಗುಣ ಅಂತ ಊರೇ ಆಡ್ತದೆ. ಕೂಸಿನ ಗಳಿಗೆ ಸರಿ ಇಲ್ಲ ಅಂತಾರೆ. ತವರಿಗೆ ಕಳಿಸು ಅಂತ ಹಿರಿಯರು ಕೂತು ಹೇಳಿಯೂ ಆಯ್ತು."

ಹುಡುಗಿ ತಲೆ ಎತ್ತಲಿಲ್ಲ. ಅವಳ ಕೈ ಕೂಸಿನ ಬೆನ್ನು ಸವರುತ್ತಲೇ ಇತ್ತು. ಮನೆಯಲ್ಲಿ ಸತ್ತದ್ದಕ್ಕೆಲ್ಲ ತಾನೇ ಕಾರಣ ಅಂತ ಅವಳೂ ನಂಬಿದ್ದಳು, ಮುಖದಲ್ಲೇ ಗೊತ್ತಾಗುತ್ತಿತ್ತು. "ತಪ್ಪು ಅವಳದಲ್ಲ, ಡ್ರಮ್ಮಿನದು" ಅಂದೆ. ಎಲ್ಲವನ್ನೂ ಹೇಳಿದೆ, ಎಂಡ್ರಿನ್ನು, ಬಣ್ಣ, ಸತ್ತ ಕುರಿಮರಿಗಳು.

ಅತ್ತೆ ಕೇಳಿಸಿಕೊಂಡಳು. ಕೆಟ್ಟ ಹೆಂಗಸು ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಹಸು ಕಳೆದುಕೊಂಡು ಅತ್ತು ಅತ್ತು ಕಣ್ಣು ಊದಿಸಿಕೊಂಡ ಹೆಂಗಸು.

"ಅಲ್ಲ ಮಾರಾಯ್ತಿ, ನಾನು ನಂಬ್ತೀನಿ" ಅಂದಳು. "ನಾನೊಬ್ಬಳು ನಂಬಿದ್ರೆ ಆಯ್ತಾ? ಮಗಳಿಗಾಗಿ ಅಪ್ಪ ಯಾರನ್ನೋ ಕರ್ಕೊಂಡು ಬಂದು ಬಾಯಿಪಾಠ ಒಪ್ಪಿಸಿದ ಅಂತಾರೆ. ನೀನು ಆಫೀಸಿನೋಳು. ಈಗ ಹೇಳಿದ್ದನ್ನೇ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡು. ಹಿರಿಯರ ಮುಂದೆ ಹಿಡೀತೀನಿ. ಕಾಗದ ಇದ್ರೆ ಇವಳು ಇಲ್ಲೇ ಇರ್ತಾಳೆ. ನನಗೇನು ಇವಳನ್ನ ಕಳಿಸೋ ಆಸೆಯಾ?"

ಒಂದು ಹಾಳೆ. ನಾಲ್ಕು ಸಾಲು. ನನ್ನ ಕಣ್ಣ ಮುಂದೆ ಬಂದದ್ದು ಆ ಹುಡುಗಿಯಲ್ಲ, ಖಾಯಂ ಮಾಡುವ ಪಟ್ಟಿ. ಮೇಲಿನ ಆಫೀಸಿನಲ್ಲಿ ಆ ತಿಂಗಳೇ ಅದು ತಯಾರಾಗುತ್ತಿತ್ತು. ವಿಷದ ಡ್ರಮ್ಮಿನ ಬುರುಡೆ ಮುಚ್ಚಿಸಿ ಹಂಚಿದೆ ಅಂತ ನನ್ನ ಕೈಯಾರೆ ಬರೆದರೆ ಆ ಪಟ್ಟಿಯಲ್ಲಿ ನಾನು ಇರುತ್ತೇನಾ?

"ಬರೀ ಕೈಬರಹ ಯಾಕೆ" ಅಂದೆ. "ಆಫೀಸಿಗೆ ಹೋಗಿ ಮೊಹರು ಹಾಕಿಸಿ ಕಳಿಸ್ತೀನಿ. ಎರಡೇ ದಿನ."

ಕುರಿಗಾರನಿಗೆ ಸಂತೋಷವಾಯಿತು. "ಮೊಹರು ಇದ್ರೆ ಇನ್ನೂ ಗಟ್ಟಿ ಅಲ್ವಾ ಬೀಗಿತ್ತಿ" ಅಂದ. ಹುಡುಗಿ ಆಗ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಡ್ರಮ್ಮನ್ನು ಕಲ್ಲಿನಿಂದ ಜಜ್ಜಿ, ತೂತು ಮಾಡಿ, ಅವರ ಹಿತ್ತಲಲ್ಲಿ ಹೂಳಿಸಿ ಹೊರಟೆ.

ಸಾಹೇಬರಿಗೆ ಮಾರನೆಯ ದಿನವೇ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಒಳ್ಳೆಯ ಮನುಷ್ಯ, ಸಂಕಟಪಟ್ಟರು. ಆಮೇಲೆ ಹೇಳಿದರು:

"ಯೋಚನೆ ಮಾಡಿ. ನೀವು ಕಾಗದ ಕೊಟ್ಟರೆ ಅದು ಸೊರಬದಲ್ಲಿ ನಿಲ್ಲಲ್ಲ, ಮೇಲಿನವರೆಗೂ ಹೋಗುತ್ತೆ. ಕುರಿ ಮಂದೆ ವ್ಯವಹಾರದಿಂದಲೇ ಅನಾಹುತ ಅಂತಾರೆ. ಆ ಮಡಿಯಲ್ಲಿ ಪೈರು ಹೇಗೆ ಬಂದಿದೆ ನೋಡಿದ್ದೀರಿ. ಮುಂದಿನ ವರ್ಷ ಇಡೀ ಫಾರ್ಮಿಗೆ ಔಷಧಿ ಖರೀದಿ ಅರ್ಧ ಮಾಡಿಸೋಣ ಅಂತಿದ್ದೆ. ಎಲ್ಲಾ ಹೋಗುತ್ತೆ, ಮತ್ತೆ ಲಾರಿ ಲಾರಿ ಡ್ರಮ್ಮು ಬರ್ತವೆ. ಒಂದು ಮನೆಯ ಜಗಳ, ಅವರವರೇ ಸರಿ ಮಾಡ್ಕೋತಾರೆ ಬಿಡಿ."

ಎಷ್ಟು ಚೆನ್ನಾಗಿ ಒಪ್ಪಿಗೆಯಾಯಿತು ನನಗೆ ಆ ಮಾತು! ಮಣ್ಣಿಗಾಗಿ, ಏಡಿಗಳಿಗಾಗಿ, ಬೆಳ್ಳಕ್ಕಿಗಳಿಗಾಗಿ ಸುಮ್ಮನಿರುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ. ಅಬ್ಬಾ ಮಾತ್ರ ಒಪ್ಪಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದರು, "ಬರೆದು ಕೊಟ್ಟೆಯಾ?" ಒಂದು ದಿನ, "ನಿನಗೆ ಭಯ ಆದರೆ ಬಣ್ಣ ಬಳಿದವನು ನಾನು ಅಂತ ನಾನೇ ಹೋಗಿ ಹೇಳ್ತೀನಿ" ಅಂದರು. ನಾನು ತಟ್ಟೆ ತಳ್ಳಿ ಎದ್ದೆ. ನನ್ನ ಸಂಬಳದ ಅನ್ನ ತಿಂದು ನನ್ನ ಕೆಲಸಕ್ಕೆ ಕಲ್ಲು ಹಾಕ್ತೀರಾ ಅಂದೆ. ಅಂಥ ಮಾತು ಆಡಿದ ನಾಲಿಗೆ ಇದು. ಅಬ್ಬಾ ಆಮೇಲೆ ಕೇಳುವುದು ಬಿಟ್ಟರು, ನನ್ನ ಜೊತೆ ಮಾತೂ ಕಮ್ಮಿ ಮಾಡಿದರು.

ಕುರಿಗಾರ ಮೂರು ಸಲ ಆಫೀಸಿಗೆ ಬಂದ. ಮೊದಲ ಸಲ ಮೆಟ್ಟಿಲ ಕೆಳಗೆ ಕೂತು ಮಧ್ಯಾಹ್ನದವರೆಗೆ ಕಾದ. ಮೊಹರು ಸಾಹೇಬರ ಹತ್ತಿರ ಇದೆ, ಅವರು ಊರಲ್ಲಿಲ್ಲ ಅಂದೆ. ಸಾಹೇಬರು ಹಿಂದಿನ ಕೋಣೆಯಲ್ಲೇ ಇದ್ದರು. ಎರಡನೇ ಸಲ, ಬರುವ ವಾರ ಅಂದೆ. ಮೂರನೇ ಸಲ ಬಂದಾಗ ಅವನ ಕೈಯಲ್ಲಿ ಒಂದು ಬಿಳಿ ಹಾಳೆ ಇತ್ತು. ಪೇಟೆಯ ಅಂಗಡಿಯಲ್ಲಿ ಕೊಂಡು, ಮಡಚಿದರೆ ಕೆಡುತ್ತದೆ ಅಂತ ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ತಂದಿದ್ದ. ಕಾಗದ ಅಂದರೆ ಎದ್ದು ಓಡಿದ್ದ ಮನುಷ್ಯ.

"ಹಾಳೆ ಇಲ್ಲದ್ದಕ್ಕೆ ತಡ ಆಗ್ತಾ ಐತೇನೋ ಅಂತ ತಂದೆ ಅಕ್ಕೋರೆ. ಹಿರಿಯರು ಅಮಾವಾಸ್ಯೆವರೆಗೆ ಗಡುವು ಕೊಟ್ಟಾರೆ."

ಹಾಳೆ ಇಸಿದುಕೊಂಡು ಮೇಜಿನ ಡ್ರಾಯರಿನಲ್ಲಿಟ್ಟೆ. ನಾಳೆ ಅಂದೆ. ಅವನು ಕೈಮುಗಿದು ಹೋದ. ಅಮಾವಾಸ್ಯೆಗೆ ಎಷ್ಟು ದಿನ ಅಂತ ಆ ರಾತ್ರಿ ಲೆಕ್ಕ ಹಾಕಿದೆ. ಆರು. ಮಾರನೆಯ ದಿನ ಐದು. ಹೀಗೆ ದಿನ ದಿನ ಎಣಿಸುತ್ತಾ ಕೂತೆನೇ ಹೊರತು ಡ್ರಾಯರ್ ಎಳೆಯಲಿಲ್ಲ. ಅಮಾವಾಸ್ಯೆಯ ದಿನ ಬಂತು. ಹೊರಗೆ ಯಾರದೇ ಹೆಜ್ಜೆ ಕೇಳಿಸಿದರೂ ಅವನೇ ಅಂತ ಎದ್ದು ಕಿಟಕಿಯಲ್ಲಿ ನೋಡುತ್ತಿದ್ದೆ. ಅವನು ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ಅದಾದ ಎರಡನೇ ವಾರ ಆದೇಶ ಬಂತು. ನಾನು ಖಾಯಂ. ಸಾಹೇಬರು ಎಲ್ಲರಿಗೂ ಖಾರಾ ಮಂಡಕ್ಕಿ, ಚಹಾ ಹಂಚಿಸಿದರು. ಎಲ್ಲರೂ ಹೋದ ಮೇಲೆ ಡ್ರಾಯರ್ ತೆಗೆದು ಆ ಹಾಳೆಯಲ್ಲಿ ಬರೆದೆ. ನಾಲ್ಕು ಸಾಲು ಅಂದುಕೊಂಡಿದ್ದೆ, ಏಳಾಯಿತು. ಸಹಿ ಹಾಕಿದೆ. ಮೊಹರು ಪಕ್ಕದಲ್ಲೇ ಇತ್ತು, ಒತ್ತಿದೆ. ಎಲ್ಲಾ ಸೇರಿ ಹತ್ತು ನಿಮಿಷ ಹಿಡಿದಿರಬೇಕು.

ಸೊರಬಕ್ಕೆ ಒಬ್ಬಳೇ ಹೋದೆ. ಅತ್ತೆ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಹಾಳೆ ಚಾಚಿದೆ. ಅವಳು ಮುಟ್ಟಲಿಲ್ಲ.

"ಅಮಾವಾಸ್ಯೆವರೆಗೂ ತಡೆದೆ ಮಾರಾಯ್ತಿ" ಅಂದಳು. "ಕಾಗದ ಬರ್ತದೆ, ಕಾಗದ ಬರ್ತದೆ ಅಂತ ಎಲ್ಲರ ಬಾಯಲ್ಲಿ ಬೈಸ್ಕೊಂಡೆ. ಕೊನೆಗೆ ಅವರು, ನೋಡು, ನಿಜ ಆಗಿದ್ರೆ ಬರೆದು ಕೊಡ್ತಿರಲಿಲ್ವಾ ಅಂದ್ರು. ಅವಳನ್ನ ಕೂಸಿನ ಸಮೇತ ತವರಿಗೆ ಕಳಿಸಿಬಿಟ್ರು. ಈಗ ಮಗನಿಗೆ ಬೇರೆ ಕಡೆ ಮಾತು ಆಗಿದೆ. ಇದನ್ನ ತಗೊಂಡು ನಾನೇನು ಮಾಡಲಿ?"

ಅಲ್ಲಿಂದ ವಾಪಸ್ಸು ಬಂದು ನೇರ ತೊಗರ್ಸಿ ಕಡೆ ಹಟ್ಟಿಗೆ ಹೋದೆ. ಕುರಿಗಾರ ಮಂದೆ ಹೊಡೆದುಕೊಂಡು ಹೋಗಿದ್ದ. ಹುಡುಗಿ ಒಬ್ಬಳೇ ಇದ್ದಳು, ಉಣ್ಣೆ ಹಿಂಜುತ್ತಿದ್ದಳು. ಕೂಸು ಅವಳ ಮಗ್ಗುಲಲ್ಲಿ ನಿದ್ದೆಹೋಗಿತ್ತು. ನನ್ನನ್ನು ಕಂಡು ಎದ್ದು ಕಂಬಳಿ ಹಾಸಿ, ನೀರು ತಂದುಕೊಟ್ಟಳು. ನನಗೆ ಕೂರಲಾಗಲಿಲ್ಲ. ತಪ್ಪಾಯಿತು ಅಂತ ಹೇಳಿ ಅತ್ತುಬಿಟ್ಟೆ. ಅವಳು ಅಳಲಿಲ್ಲ. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ಸು ಕೊಟ್ಟಳು.

"ನಂಗೆ ಓದೋಕೆ ಬರಲ್ಲ ಅಕ್ಕಾ. ಓದಿ ಹೇಳಿ."

ಓದಿದೆ. ಈ ಮನೆಯ ದನಕರು, ಕೋಳಿ ಸತ್ತದ್ದು ಔಷಧಿ ಡ್ರಮ್ಮಿನಿಂದ. ಅದರ ಮೇಲಿನ ವಿಷದ ಗುರುತು ಮುಚ್ಚಿಸಿದ್ದು ನಾನು. ಈ ಹೆಣ್ಣುಮಗಳದಾಗಲಿ ಇವಳ ಕೂಸಿನದಾಗಲಿ ಏನೂ ತಪ್ಪಿಲ್ಲ. ಕೊನೆಯ ಸಾಲು ಬಂದಾಗ ಇನ್ನೊಂದು ಸಲ ಓದಿ ಅಂದಳು. ಓದಿದೆ. ಕೂಸಿನ ಮುಖದ ಮೇಲೆ ಕೂತಿದ್ದ ನೊಣ ಓ‌ಡಿಸಿ, ಕೇಳಿದಳು.

"ಅವತ್ತು ನಮ್ಮ ಮನೆಗೆ ಬಂದಾಗ ನಿಮ್ಮ ಹತ್ರ ಪೆನ್ನಿತ್ತಾ ಅಕ್ಕಾ?"

"ಇತ್ತು" ಅಂದೆ.